ಮಾಯದ ಕಾಲಿನ ಹುಣ್ಣಿಗೆ ಸ್ಟೆಮ್ ಸೆಲ್: ಹೂಂ ಅನ್ನುವ ಮೊದಲು

ಶುಗರ್ ಇರುವವರ ಕಾಲಿನ ಹುಣ್ಣು ತಿಂಗಳುಗಟ್ಟಲೆ ಮಾಯದೆ ಕೂತಾಗ, ಸ್ಟೆಮ್ ಸೆಲ್ (ಬೇರೆ ಬಗೆಯ ಸೆಲ್‌ಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಹಾಕಿದರೆ ಹೊಸ ಚರ್ಮ ಬರುತ್ತದೆ, ಸತ್ತ ನರವೂ ಚಿಗುರುತ್ತದೆ ಅಂತ ಯಾರಾದರೂ ಹೇಳಿದರೆ ಆಸೆ ಆಗದೆ ಇರುತ್ತಾ? ಆಸೆ ಪಡಿ. ಆದರೆ ಮೊದಲು ಕಾಲನ್ನು ಸರಿಯಾಗಿ ನೋಡಿಸಿ.

ಮೊದಲನೆಯದು ರಕ್ತ. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದಾಗ 0.9ಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಸಾಲುತ್ತಿಲ್ಲ ಅಂತ. ಇಲ್ಲೊಂದು ಮೋಸ ಇದೆ. ಶುಗರ್‌ನಿಂದ ರಕ್ತನಾಳ ಗಟ್ಟಿಯಾಗಿದ್ದರೆ ಈ ಅಂಕಿ ಸುಮ್ನೆ ಚೆನ್ನಾಗಿ ಕಾಣಬಹುದು, ಹಾಗಾಗಿ ಕಾಲ್ಬೆರಳಿನ ಬಿಪಿಯನ್ನೂ ನೋಡಲು ಕೇಳಿ. ಎರಡನೆಯದು ಭಾರ. ಹುಣ್ಣಿನ ಮೇಲೇ ದಿನವಿಡೀ ನಡೆದರೆ ಯಾವ ಸೆಲ್ ಹಾಕಿದರೂ ಅಷ್ಟೇ. ಭಾರ ತಪ್ಪಿಸುವ ಕ್ಯಾಸ್ಟ್ ಅಥವಾ ಬೂಟು ಬೇಕು, ಜನ ಜಾಸ್ತಿ ಮರೆಯುವುದೂ ಇದನ್ನೇ. ಜೊತೆಗೆ ಸತ್ತ ಚರ್ಮ ತೆಗೆಯಬೇಕು, ಸೋಂಕು ಮೂಳೆಗೆ ಇಳಿದಿದೆಯಾ ನೋಡಬೇಕು, ಶುಗರ್ ಹಿಡಿತಕ್ಕೆ ಬರಬೇಕು. ವಾರಕ್ಕೊಮ್ಮೆ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಇಷ್ಟೆಲ್ಲ ಮಾಡಿಯೂ 4 ವಾರದಲ್ಲಿ ಹುಣ್ಣು ಅರ್ಧಕ್ಕೆ ಇಳಿಯದಿದ್ದರೆ ಬೇರೆ ದಾರಿ ಕೇಳುವ ಹೊತ್ತು ಬಂತು.

ಈಗ ಸ್ಟೆಮ್ ಸೆಲ್. ಮೂಳೆ ಮಜ್ಜೆ, ಕೊಬ್ಬು ಅಥವಾ ಹೊಕ್ಕುಳಬಳ್ಳಿಯಿಂದ ತೆಗೆದ ಸೆಲ್‌ಗಳನ್ನು ಹುಣ್ಣಿನ ಸುತ್ತ ಇಲ್ಲವೇ ಮೀನಖಂಡಕ್ಕೆ ಚುಚ್ಚುತ್ತಾರೆ, ಕೆಲವೊಮ್ಮೆ ಜೆಲ್‌ನಲ್ಲಿ ಸೇರಿಸಿ ಮೇಲೆ ಹಚ್ಚುತ್ತಾರೆ. ಅವೇ ಚರ್ಮವಾಗಿ ಬೆಳೆಯುತ್ತವೆ ಅಂದುಕೊಳ್ಳಬೇಡಿ. ಹೆಚ್ಚಿನವು ಕೆಲವೇ ದಿನ, ವಾರಗಳಲ್ಲಿ ಸತ್ತುಹೋಗುತ್ತವೆ. ಸಾಯುವ ಮೊದಲು ಊತ ತಗ್ಗಿಸುವ, ಹೊಸ ರಕ್ತನಾಳ ಬೆಳೆಸುವ ಪ್ರೋಟೀನ್‌ಗಳನ್ನು ಬಿಡುತ್ತವೆ, ಲಾಭ ಬರುವುದಾದರೆ ಮುಖ್ಯವಾಗಿ ಅದರಿಂದ. ನಿಮ್ಮದೇ ಸೆಲ್, ಅಪಾಯವೇ ಇಲ್ಲ ಅನ್ನುವ ಮಾತನ್ನು ನಂಬಬೇಡಿ: ಸೋಂಕು ತಗಲಬಹುದು, ಮೇಲಾಗಿ ಹಳೇ ಶುಗರ್ ಇದ್ದವರ ಸೆಲ್‌ಗಳು ಸೊರಗಿರುತ್ತವೆ. ಇನ್ನೊಂದು ಗೊಂದಲ, ಆಪ್ಲಿಗ್ರಾಫ್ ಎಂಬ ಜೀವಂತ ಚರ್ಮದ ಪಟ್ಟಿಗೆ ಇಂಥ ಹುಣ್ಣುಗಳಿಗೆಂದು ಅಮೆರಿಕದಲ್ಲಿ 2000ದಲ್ಲೇ ಒಪ್ಪಿಗೆ ಸಿಕ್ಕಿದೆ, ಆದರೆ ಅದರಲ್ಲಿರುವುದು ಚರ್ಮದ ಸೆಲ್, ಸ್ಟೆಮ್ ಸೆಲ್ ಅಲ್ಲ.

ನರದ ಕಥೆ ಇನ್ನೂ ಹಿಂದಿದೆ. ಪುರಾವೆ ಜಾಸ್ತಿ ಇರುವುದು ಇಲಿಗಳಲ್ಲಿ, ಮನುಷ್ಯರಲ್ಲಿ ನಡೆದಿರುವುದು ಸಣ್ಣ ಸಣ್ಣ ಪ್ರಯೋಗಗಳು. ಕತ್ತರಿಸಿದ ನರ ಚೆನ್ನಾಗಿ ಬೆಳೆದರೂ ದಿನಕ್ಕೆ ಸುಮಾರು 1 ಮಿಲಿಮೀಟರ್, ಹಾಗಿರುವಾಗ ಎರಡು ವಾರದಲ್ಲಿ ನರ ಬೆಳೆದು ಮರಗಟ್ಟಿದ ಪಾದಕ್ಕೆ ಸ್ಪರ್ಶ ಬಂತು ಅಂದರೆ ಅನುಮಾನ ಪಡಬೇಕು, ಅಲ್ವಾ? ಉರಿ ಕಡಿಮೆಯಾಯಿತು ಅಂದ ಮಾತ್ರಕ್ಕೂ ನರ ಬೆಳೆಯಿತು ಅಂತಲ್ಲ. ಚಿಕಿತ್ಸೆಗೆ ಮೊದಲು, ಆಮೇಲೆ, ಎರಡೂ ಸಲ 10 ಗ್ರಾಂ ಮೋನೋಫಿಲಮೆಂಟ್ ಎಂಬ, ಸ್ಪರ್ಶ ತಿಳಿಯುತ್ತಾ ಅಂತ ಒತ್ತಿ ನೋಡುವ ನೈಲಾನ್ ಎಳೆಯಿಂದ ಪಾದ ಪರೀಕ್ಷೆ ಮಾಡಿಸಿ ಬರೆದಿಡಿ.

ಡಾಕ್ಟರ್ ಹತ್ತಿರ ನೇರವಾಗಿ ಕೇಳಿ. ಈ ಹುಣ್ಣಿಗೆಂದೇ ಒಪ್ಪಿಗೆ ಪಡೆದ ಚಿಕಿತ್ಸೆಯಾ, ಪ್ರಯೋಗವಾ? ಪ್ರಯೋಗವಾದರೆ, ರೋಗಿಗಳ ಹಿತ ಕಾಯುವ ನೈತಿಕ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆ ಪತ್ರ ಎಲ್ಲಿ? ಪ್ರಯೋಗಗಳ ಆನ್‌ಲೈನ್ ಪಟ್ಟಿಯಲ್ಲಿ ನೋಂದಣಿ ಆಗಿದೆ ಅಂದರೆ ಒಪ್ಪಿಗೆ ಸಿಕ್ಕಿದೆ ಅಂತ ಅರ್ಥವಲ್ಲ. ನಿಜವಾದ ಪ್ರಯೋಗದಲ್ಲಿ ಸಾಮಾನ್ಯವಾಗಿ ಆ ಚಿಕಿತ್ಸೆಗೆ ರೋಗಿಯಿಂದ ದುಡ್ಡು ಕೇಳುವುದಿಲ್ಲ, ಕೇಳಿದರೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ಹಿಂದೆ ಕ್ಯಾನ್ಸರ್ ಬಂದಿದ್ದರೆ ಮರೆಯದೆ ಹೇಳಿ.

ಈ ವಿಚಾರಣೆ ನಡೆಯುತ್ತಿರುವಾಗಲೇ ಹುಣ್ಣಿನ ಸುತ್ತ ಕೆಂಪು ಹರಡಿದರೆ, ಜ್ವರ ಬಂದರೆ, ಬೆರಳು ಕಪ್ಪಾದರೆ ಸ್ಟೆಮ್ ಸೆಲ್ ಮಾತು ಅಲ್ಲಿಗೇ ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.