ನವಾಹೊ ಮಕ್ಕಳ ಹಳೆಯ ಪೋಸ್ಟ್‌ಕಾರ್ಡ್: ಕಾಲ ಗುರುತಿಸುವುದು ಹೇಗೆ

ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಮಕ್ಕಳ ಚಿತ್ರವಿರುವ ಕಾರ್ಡ್ ಸಿಕ್ಕರೆ, ಚಿತ್ರ ನೋಡುವ ಮೊದಲು ಅದರ ಬೆನ್ನು ತಿರುಗಿಸಿ. ವಿಳಾಸಕ್ಕೂ ಬರಹಕ್ಕೂ ನಡುವೆ ಗೆರೆಯಿದ್ದರೆ ಅಮೆರಿಕದಲ್ಲಿ ಅದು 1907ರ ಮಾರ್ಚ್ ನಂತರದ್ದು. ಅದಕ್ಕೂ ಹಿಂದಿನವುಗಳ ಬೆನ್ನಿನಲ್ಲಿ ವಿಳಾಸ ಮಾತ್ರ, ಸಂದೇಶವನ್ನು ಚಿತ್ರದ ಪಕ್ಕದಲ್ಲೇ ಗೀಚುತ್ತಿದ್ದರು. ಬಟ್ಟೆಯ ನೇಯ್ಗೆಯಂಥ ಮೇಲ್ಮೈ ಇದ್ದರೆ 1930–40ರ ದಶಕದ್ದು.

ಈಗ ಹತ್ತು ಪಟ್ಟು ದೊಡ್ಡದಾಗಿಸುವ ಭೂತಗನ್ನಡಿ ಹಿಡಿಯಿರಿ. ಸಾಲುಸಾಲು ಚುಕ್ಕಿ ಕಂಡರೆ ಅಚ್ಚಿನದು. ಚುಕ್ಕಿಯಿಲ್ಲದೆ ನೆರಳು ಮೆಲ್ಲಗೆ ಕರಗಿದರೆ ನಿಜವಾದ ಫೋಟೊ ಮುದ್ರಣ. ಫೋಟೊ ಕಾರ್ಡಿನ ಅಂಚೆಚೀಟಿ ಚೌಕದಲ್ಲಿ ‘ಅಜೋ’ (AZO, ಫೋಟೊ ಕಾಗದದ ಒಂದು ಬ್ರ್ಯಾಂಡ್) ಹೆಸರಿದ್ದು ಮೂಲೆಗಳ ನಾಲ್ಕೂ ತ್ರಿಕೋನ ಮೇಲ್ಮುಖವಾಗಿದ್ದರೆ ಸುಮಾರು 1904–1918. ಎರಡು ಮೇಲೆ, ಎರಡು ಕೆಳಗೆ ನೋಡುತ್ತಿದ್ದರೆ ಅದರ ನಂತರದ್ದು. ಅಂಚೆ ಮುದ್ರೆ ಹೇಳುವುದು ಕಳಿಸಿದ ದಿನವನ್ನಷ್ಟೇ. ಹಳೇ ದಾಸ್ತಾನು ವರ್ಷಗಟ್ಟಲೆ ಮಾರಾಟವಾಗುತ್ತಿತ್ತು, ಹೆಚ್ಚಿನವರು ಎಡವುವುದು ಇಲ್ಲೇ.

ಅಡಿಬರಹವನ್ನೂ ಕಣ್ಣುಮುಚ್ಚಿ ನಂಬಬೇಡಿ. ಪ್ರವಾಸಿಗರಿಗೆಂದು ನಿಲ್ಲಿಸಿ ತೆಗೆದ ಚಿತ್ರಗಳು ಬಹಳ. ಮಕ್ಕಳ ಹೆಸರು ಸಾಮಾನ್ಯವಾಗಿ ಇರುವುದೇ ಇಲ್ಲ. ಚಿತ್ರದಲ್ಲಿ ನವಾಹೊ ಬದುಕಿನ ಗುರುತುಗಳಾದ ಹಲಗೆ ತೊಟ್ಟಿಲು, ನೆಟ್ಟಗೆ ನಿಂತ ಮಗ್ಗ, ಮಣ್ಣು ಮೆತ್ತಿದ ಹೋಗನ್ ಮನೆ ಇವೆಯೇ ನೋಡಿ. ನಿಮ್ಮ ಸಂಗ್ರಹದ ಪಟ್ಟಿಯಲ್ಲಿ ನವಾಹೊ ಜನ ತಮ್ಮನ್ನು ಕರೆದುಕೊಳ್ಳುವ ‘ದಿನೆ’ ಹೆಸರನ್ನೂ ಬರೆದಿಡಿ.

ಕಾರ್ಡ್ ಇಡಲು ಪಿವಿಸಿ ಪ್ಲಾಸ್ಟಿಕ್ಕಿನ ಲಕೋಟೆ ಬೇಡ, ಕಾಲಕ್ರಮೇಣ ಅಂಟಂಟಾಗಿ ಚಿತ್ರ ಕೆಡಿಸುತ್ತದೆ, ಪಾಲಿಪ್ರೊಪಿಲೀನ್ ಸಾಕು.