ಅದೇ 128 ಜಿಬಿ, ಹೆಚ್ಚುಕಮ್ಮಿ ಎರಡು ಪಟ್ಟು ಕೆಲಸ

ಕಳೆದ ಮೇ ತಿಂಗಳಲ್ಲಿ ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಆಫೀಸಿಗೆ ಒಂದು ಸೆಕೆಂಡ್ ಹ್ಯಾಂಡ್ ಸರ್ವರ್ ತಂದೆವು. ಎಎಂಡಿ ಎಪಿಕ್ 7742, 2019ರ ಪ್ರೊಸೆಸರ್. 64 ಕೋರ್, 128 ಜಿಬಿ ಮೆಮೊರಿ. ಜೆಟ್ಟಿ, ಸೇತುವೆಗಳ ವಿನ್ಯಾಸಕ್ಕೆ ಬೇಕಾದ ಲೆಕ್ಕ ಮಾಡಿಕೊಡುವುದು ನಮ್ಮ ಕೆಲಸ. ಲಕ್ಷಗಟ್ಟಲೆ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು. ಹಳೆಯ 16 ಕೋರಿನ ಮಷಿನ್ ಇಡೀ ರಾತ್ರಿ ತೆಗೆದುಕೊಳ್ಳುತ್ತಿದ್ದ ಲೆಕ್ಕ ಇದರಲ್ಲಿ ಊಟದ ಹೊತ್ತಿಗೆ ಮುಗಿಯಬೇಕು ಅಂತ ನನ್ನ ಅಂದಾಜು. ಸಂಜೆ ಆರಾದರೂ ಮುಗಿಯಲಿಲ್ಲ.

ಪ್ರೊಸೆಸರೇ ಕೆಟ್ಟಿದೆಯೋ ಅಂತ ಮೊದಲು ಲೆಕ್ಕದ ವೇಗ ಅಳೆಯುವ ಪರೀಕ್ಷೆಯಾದ ಲಿನ್‌ಪ್ಯಾಕ್ ಓಡಿಸಿದೆ. ಈ ಪ್ರೊಸೆಸರಿನ ಒಂದು ಕೋರ್ ಒಂದು ಗಡಿಯಾರದ ಬಡಿತಕ್ಕೆ 16 ಲೆಕ್ಕ ಮಾಡಬಲ್ಲದು. 64 ಕೋರ್, 2.25 ಗಿಗಾಹರ್ಟ್ಸ್ ಅಂತ ಗುಣಿಸಿದರೆ 2304 ಗಿಗಾಫ್ಲಾಪ್ಸ್, ಅಂದರೆ ಸೆಕೆಂಡಿಗೆ 2304 ಶತಕೋಟಿ ಲೆಕ್ಕ. ಅದರ ಮುಕ್ಕಾಲಿಗಿಂತ ಜಾಸ್ತಿಯೇ ಬಂತು. ಪ್ರೊಸೆಸರಿಗೆ ಏನೂ ಆಗಿಲ್ಲ. ನಾನು ದಾರಿ ತಪ್ಪಿದ್ದೂ ಇಲ್ಲೇ. ಲಿನ್‌ಪ್ಯಾಕ್ ಒಮ್ಮೆ ತಂದ ಸಂಖ್ಯೆಯನ್ನು ಪ್ರೊಸೆಸರಿನೊಳಗಿನ ಪುಟ್ಟ, ವೇಗದ ಮೆಮೊರಿಯಾದ ಕ್ಯಾಶ್‌ನಲ್ಲಿ ಇಟ್ಟುಕೊಂಡು ನೂರಾರು ಸಲ ಬಳಸುತ್ತದೆ. ಮೆಮೊರಿ ಕಡೆ ತಿರುಗಿ ನೋಡುವುದು ಕಡಿಮೆ. ನಮ್ಮ ಲೆಕ್ಕ ಹಾಗಲ್ಲ. ಸಂಖ್ಯೆ ತರುತ್ತದೆ, ಒಂದೆರಡು ಸಲ ಬಳಸುತ್ತದೆ, ಇನ್ನೊಂದಕ್ಕೆ ಓಡುತ್ತದೆ.

ಆಮೇಲೆ ಎಂಪ್ರೈಮ್ ಹಾಕಿದೆ. 1996ರಿಂದ ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು (2ನ್ನು 2ರಿಂದಲೇ ಹಲವು ಸಲ ಗುಣಿಸಿ 1 ಕಳೆದರೆ ಸಿಗುವಂಥವು) ಹುಡುಕುತ್ತಿರುವ ಗಿಂಪ್ಸ್ ಯೋಜನೆಯ ಪ್ರೋಗ್ರಾಂ ಅದು. ನನಗೆ ಇದು ತುಂಬಾ ಇಷ್ಟ. ಸುಮ್ನೆ ಅಂಕಿ ತೋರಿಸುವ ಪರೀಕ್ಷೆ ಅಲ್ಲ, ನಿಜವಾದ ಗಣಿತ. 2ರ ಘಾತ ಸುಮಾರು 11 ಕೋಟಿ ಇರುವ ಸಂಖ್ಯೆಯನ್ನು ಪರೀಕ್ಷಿಸಬೇಕಾದರೆ ಒಂದು ದೊಡ್ಡ ಸಂಖ್ಯೆಯನ್ನು ಸುಮಾರು 11 ಕೋಟಿ ಸಲ ವರ್ಗ ಮಾಡಬೇಕು. ಒಂದು ಸಲಕ್ಕೆ ಒಂದು ಮಿಲಿಸೆಕೆಂಡ್ ಹಿಡಿದರೂ ಮೂವತ್ತು ಗಂಟೆ ದಾಟುತ್ತದೆ. ಪ್ರತಿ ಸಲವೂ ಸುಮಾರು 63 ಲಕ್ಷ ಸಂಖ್ಯೆಗಳ ಸಾಲಿನ ಮೇಲೆ ಕೆಲಸ. ಒಂದೊಂದಕ್ಕೆ 8 ಬೈಟ್ ಅಂದರೆ ಸುಮಾರು 50 ಎಂಬಿ. ಈ ಪ್ರೊಸೆಸರಿನಲ್ಲಿ ನಾಲ್ಕು ನಾಲ್ಕು ಕೋರಿನ ಗುಂಪಿಗೆ ಇರುವುದು 16 ಎಂಬಿ ಕ್ಯಾಶ್. ಹಿಡಿಸುವುದಿಲ್ಲ. ಪ್ರತಿ ಗುಂಪಿಗೂ ಒಂದೊಂದು ಸಂಖ್ಯೆ ಕೊಟ್ಟರೆ ಹದಿನಾರೂ ಗುಂಪು ಮೆಮೊರಿಯ ಬಾಗಿಲಲ್ಲಿ ಕ್ಯೂ ನಿಲ್ಲುತ್ತವೆ.

16 ಸಂಖ್ಯೆ ಒಟ್ಟಿಗೆ ಓಡಿಸಿ ಬರೆದುಕೊಂಡೆ. ಆಮೇಲೆ ಎಂಟೇ ಗುಂಪು ಓಡಿಸಿದೆ. ಗಂಟೆಗೆ ಆಗುವ ಒಟ್ಟು ಕೆಲಸ ಹೆಚ್ಚುಕಮ್ಮಿ ಅಷ್ಟೇ! ಪಕ್ಕದಲ್ಲಿ ನೋಡುತ್ತಿದ್ದ ನಮ್ಮ ಹುಡುಗ, “ಇದೆಂಥ ಸರ್, ಅರ್ಧ ಕೋರ್ ಸುಮ್ನೆ ಕೂತ್ರೂ ಅಷ್ಟೇ ಕೆಲಸ ಆಗ್ತದಲ್ಲ?” ಅಂದ. ತಡೆ ಇರುವುದು ಮೆಮೊರಿಯಲ್ಲಿ ಅಂತ ಅವನ ಆ ಮಾತಿನಿಂದಲೇ ನನಗೆ ಹೊಳೆದದ್ದು.

ಮೆಮೊರಿಯ ವೇಗ ಅಳೆಯುವ ಸ್ಟ್ರೀಮ್ ಓಡಿಸಿದೆವು. ಸೆಕೆಂಡಿಗೆ 90 ಜಿಬಿ ಆಸುಪಾಸು. ಈ ಪ್ರೊಸೆಸರಿಗೆ ಎಂಟು ಮೆಮೊರಿ ಚಾನೆಲ್, ಅಂದರೆ ಮೆಮೊರಿಯಿಂದ ಸಂಖ್ಯೆ ತರುವ ಎಂಟು ದಾರಿ. ಡಿಡಿಆರ್4-3200 ಮೆಮೊರಿ ಹಾಕಿದರೆ ಸೆಕೆಂಡಿಗೆ ಒಂದೊಂದಕ್ಕೆ 25.6, ಒಟ್ಟು 204.8 ಜಿಬಿ. ಅರ್ಧವೂ ಬರುತ್ತಿಲ್ಲ ಅಂದರೆ?

ಮಷಿನ್ ಆಫ್ ಮಾಡಿ ಮುಚ್ಚಳ ತೆಗೆದೆವು. ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಪ್ರೊಸೆಸರಿನ ಎರಡು ಬದಿಗೂ ನಾಲ್ಕು ನಾಲ್ಕು ಮೆಮೊರಿ ಸ್ಲಾಟ್, ಒಂದು ಚಾನೆಲಿಗೆ ಒಂದು. ಒಂದು ಬಿಟ್ಟು ಒಂದು ಖಾಲಿ. ಖಾಲಿ ಸ್ಲಾಟಿನ ಸೀಳಿನಲ್ಲಿ ತೆಳುವಾಗಿ ಧೂಳು ಕೂತಿತ್ತು. ಹಾಕಿದ್ದು 32 ಜಿಬಿಯ ನಾಲ್ಕು ಮೆಮೊರಿ ಸ್ಟಿಕ್. ಕೊಟ್ಟವರು 128 ಜಿಬಿ ಅಂದದ್ದು ನಿಜವೇ. ಆದರೆ ನಾಲ್ಕು ಚಾನೆಲ್ ಖಾಲಿ ಬಿಟ್ಟಿದ್ದನ್ನು ಹೇಳಲಿಲ್ಲ. ಅದು ನನಗೆ ಬೇಸರ ತರಿಸಿತು.

ಆ ನಾಲ್ಕನ್ನು ತೆಗೆದು 16 ಜಿಬಿಯ ಎಂಟು ಸ್ಟಿಕ್ ಹಾಕಿಸಿದೆವು. ಮೊತ್ತ ಅದೇ 128. ಸ್ಟ್ರೀಮ್ 170 ದಾಟಿತು. ಎಂಪ್ರೈಮ್ ಕೂಡ ಹೆಚ್ಚುಕಮ್ಮಿ ಎರಡು ಪಟ್ಟಾಯಿತು. ನಮ್ಮ ಲೆಕ್ಕ ಬೆಳಗ್ಗೆ ಒಂಬತ್ತಕ್ಕೆ ಹಾಕಿದ್ದು ಎರಡರ ಹೊತ್ತಿಗೆ ಮುಗಿಯಿತು. ಊಟ ಸ್ವಲ್ಪ ತಡ, ಅಷ್ಟೇ.

ಬಯೋಸ್‌ನಲ್ಲಿ ಎಸ್ಎಂಟಿ, ಅಂದರೆ ಒಂದು ಕೋರಿನಲ್ಲಿ ಎರಡು ಥ್ರೆಡ್ (ಕೆಲಸದ ಎಳೆ) ಓಡಿಸುವ ಸೌಲಭ್ಯವನ್ನು ಆಫ್ ಮಾಡಿದ್ದೆ. ಇಂಥ ಲೆಕ್ಕದಲ್ಲಿ ಒಂದೇ ಕೋರಿನ ಎರಡು ಥ್ರೆಡ್‌ಗಳು ಒಂದೇ ಲೆಕ್ಕದ ಘಟಕಕ್ಕೆ ಕಾಯುವುದರಿಂದ ನಮಗೆ ಲಾಭ ಕಾಣಲಿಲ್ಲ. ಎನ್‌ಪಿಎಸ್ 4 ಎಂಬ, ಮೆಮೊರಿಯನ್ನು ನಾಲ್ಕು ಭಾಗ ಮಾಡುವ ಸೆಟ್ಟಿಂಗ್ ಇಟ್ಟು ಪ್ರತಿ ಗುಂಪನ್ನು ಅದರ ಹತ್ತಿರದ ಮೆಮೊರಿಗೇ ಕಟ್ಟಿಹಾಕಿದೆ. ಅದರಿಂದ ಸ್ವಲ್ಪ ಅನುಕೂಲ ಆಯಿತು.

ಇನ್ನೊಂದು ಪಾಠ ಕಲಿಸಿದ್ದು ಇಲ್ಲಿನ ಸೆಕೆ. ಮೇ ತಿಂಗಳ ಮಂಗಳೂರು ಗೊತ್ತಲ್ವಾ? ಒಂದು ರಾತ್ರಿಯ ಅಂಕಿಗಳು ಹತ್ತು ಗಂಟೆಯ ನಂತರ ಇಳಿಯುತ್ತಾ ಹೋಗಿದ್ದವು. ಬೆಳಗ್ಗೆ ನೋಡಿದರೆ ಆ ಕೋಣೆಯ ಎಸಿಗೆ ಯಾರೋ ಹತ್ತಕ್ಕೆ ಆಫ್ ಆಗುವ ಟೈಮರ್ ಇಟ್ಟಿದ್ದರು. ಬಿಸಿಯಾದ ಪ್ರೊಸೆಸರ್ ತಾನಾಗಿಯೇ ವೇಗ ತಗ್ಗಿಸಿಕೊಂಡಿತ್ತು. ಅಂದಿನಿಂದ, ಪ್ರೊಸೆಸರ್ ಇನ್ನೂ ಬಿಸಿಯಾಗಿರದ ಮೊದಲ ಅರ್ಧ ಗಂಟೆಯ ಅಂಕಿಗಳನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕೋಣೆಯ ಉಷ್ಣತೆಯನ್ನೂ ಪಕ್ಕದಲ್ಲಿ ಬರೆದಿಡುತ್ತೇನೆ.

ಈಗ ಭಾನುವಾರ ಆಫೀಸಿನ ಲೆಕ್ಕ ಇಲ್ಲದಾಗ ಎಂಪ್ರೈಮ್ ಓಡುತ್ತಿರುತ್ತದೆ. 2024ರ ಅಕ್ಟೋಬರಿನಲ್ಲಿ ಸಿಕ್ಕಿದ, 4,10,24,320 ಅಂಕಿಗಳ ಅವಿಭಾಜ್ಯ ಸಂಖ್ಯೆಯನ್ನು ಹಿಡಿದದ್ದು ಜಿಪಿಯುಗಳು, ಅಂದರೆ ಗ್ರಾಫಿಕ್ಸ್ ಪ್ರೊಸೆಸರುಗಳು. ಆದರೂ ನಮ್ಮ ಮಷಿನ್ ತಪ್ಪಿಲ್ಲದೆ ಒಂದು ಸಂಖ್ಯೆ ಮುಗಿಸಿದಾಗ ಆಗುವ ಖುಷಿಯೇ ಬೇರೆ.

ಮೊನ್ನೆ 96 ಕೋರಿನ ಎಪಿಕ್ 9654 ಸರ್ವರ್ ಒಂದರ ಕೊಟೇಶನ್ ಬಂತು. 12 ಚಾನೆಲ್, ಡಿಡಿಆರ್5. ಬೆಲೆ ನೋಡುವ ಮೊದಲೇ ನಮ್ಮ ಹುಡುಗ ಫೋಟೋ ದೊಡ್ಡದು ಮಾಡಿ ಸ್ಲಾಟ್ ಎಣಿಸಿದ.

“ಆರು ಖಾಲಿ ಉಂಟು ಸರ್,” ಅಂದ.