ಜೈಲಿಗೆ ಇಟ್ಟ ದುಡ್ಡನ್ನು ಬಜೆಟ್‌ನಲ್ಲಿ ಹುಡುಕುವುದು ಹೇಗೆ?

ಮಂಗಳೂರಿನ ಕೊಡಿಯಾಲ್‌ಬೈಲ್ ಜೈಲು ಊರ ನಡುವೆಯೇ ಇದೆ. ಊರ ಹೊರಗೆ ಮುಡಿಪು ಎಂಬಲ್ಲಿ ಹೊಸ ಜೈಲು ಕಟ್ಟುವ ಮಾತು ಎಷ್ಟೋ ವರ್ಷದ್ದು. ಹಾಗಾಗಿ ರಾಜ್ಯ ಬಜೆಟ್ ಬಂದಾಗೆಲ್ಲ ನಮ್ಮ ಗೆಳೆಯರು ಕೇಳುತ್ತಾರೆ, ‘ಜೈಲಿಗೆ ಎಷ್ಟು ಇಟ್ಟಿದ್ದಾರೆ?’ ಆಮೇಲೆ ಬಜೆಟ್ ಭಾಷಣ ತೆರೆದು ಹುಡುಕುತ್ತಾರೆ. ಕಾಣದಿದ್ದರೆ ‘ಏನೂ ಕೊಟ್ಟಿಲ್ಲ’ ಅಂದುಬಿಡುತ್ತಾರೆ. ಭಾಷಣದಲ್ಲಿ ಜಾಸ್ತಿ ಇರುವುದು ಘೋಷಣೆ. ಲೆಕ್ಕ ಇರುವುದು ಬೇರೆ ಪುಸ್ತಕದಲ್ಲಿ.

ಮೊದಲು ಹಣಕಾಸು ಇಲಾಖೆಯ ಜಾಲತಾಣದಿಂದ ವೆಚ್ಚದ ಸಂಪುಟಗಳನ್ನು ಇಳಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಬರುವ ಬಣ್ಣದ ‘ಬಜೆಟ್ ಮುಖ್ಯಾಂಶ’ ನೆಚ್ಚಿಕೊಳ್ಳಬೇಡಿ.

ಆಮೇಲೆ ಹುಡುಕಾಟ. ಪದ ಹಾಕಬೇಡಿ, ಎಷ್ಟೋ ಪಿಡಿಎಫ್‌ಗಳಲ್ಲಿ ಕನ್ನಡ ಪದ ಸಿಗುವುದೇ ಇಲ್ಲ. 2056 ಅಂತ ಹಾಕಿ. ಅದು ಜೈಲುಗಳ ಲೆಕ್ಕ ಶೀರ್ಷಿಕೆ, ಅಂದರೆ ಬಜೆಟ್ ಪುಸ್ತಕದಲ್ಲಿ ಆ ಬಾಬ್ತಿಗೆ ಕೊಟ್ಟಿರುವ ಸಂಖ್ಯೆ. ಪೊಲೀಸ್ 2055, ನ್ಯಾಯಾಡಳಿತ 2014. ಮೊದಲ ಅಂಕಿ ನೋಡಿ: 0 ಇದ್ದರೆ ಸರ್ಕಾರಕ್ಕೆ ಬರುವ ದುಡ್ಡು (ಅಬಕಾರಿ 0039, ಮುದ್ರಾಂಕ ಮತ್ತು ನೋಂದಣಿ 0030), 2 ಇದ್ದರೆ ದಿನದ ಖರ್ಚು, 4 ಇದ್ದರೆ ಕಟ್ಟಡದಂಥ ಕೆಲಸ. ಕೈದಿಗಳ ಊಟ, ಸಿಬ್ಬಂದಿ ಸಂಬಳ 2056ರಲ್ಲಿ. ಹೊಸ ಗೋಡೆಯ ದುಡ್ಡು ಅಲ್ಲಿ ಸಿಗದು. ಅದಕ್ಕೆ 4ರಿಂದ ಶುರುವಾಗುವ ಶೀರ್ಷಿಕೆಗಳಿಗೆ ಹೋಗಿ, ಲೋಕೋಪಯೋಗಿಯ 4059 ಬಿಡಬೇಡಿ.

ಜನ ಎಡವುವುದು ಇಲ್ಲಿಂದ ಮುಂದೆ. ಒಂದೇ ಸಾಲಿನಲ್ಲಿ ನಾಲ್ಕು ಮೊತ್ತ ಇರುತ್ತವೆ. 2025-26ರ ಪುಸ್ತಕ ತೆಗೆದುಕೊಳ್ಳಿ: 2023-24ರ ಲೆಕ್ಕ, ಅಂದರೆ ನಿಜವಾಗಿ ಖರ್ಚಾದದ್ದು, 2024-25ರ ಆಯವ್ಯಯ (ಬಜೆಟ್) ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು, ಅಂದರೆ ಆಮೇಲೆ ತಿದ್ದಿದ್ದು, ಕೊನೆಗೆ 2025-26ರ ಅಂದಾಜು. ಎಲ್ಲರೂ ಕೊನೆಯದನ್ನೇ ಓದುತ್ತಾರೆ. ನಾನು ಮೊದಲು ನೋಡುವುದು ನಡುವಿನ ಎರಡನ್ನು. ಅಂದಾಜು 10 ಕೋಟಿ ಇದ್ದು ಪರಿಷ್ಕೃತ 3 ಕೋಟಿ ಆಗಿದ್ದರೆ, ಇಟ್ಟ ದುಡ್ಡೆಲ್ಲ ಆ ಕೆಲಸಕ್ಕೆ ಹೋಗಿಲ್ಲ ಅಂತ ಅಲ್ವಾ? ಈ ವರ್ಷದ ದೊಡ್ಡ ಅಂಕಿ ಕಂಡು ಚಪ್ಪಾಳೆ ಹೊಡೆಯುವ ಮೊದಲು ಇದನ್ನು ನೋಡಲೇಬೇಕು.

ಪುಟದ ತಲೆಯಲ್ಲಿ ‘ಲಕ್ಷಗಳಲ್ಲಿ’ ಅಂತಿದೆಯಾ, ‘ಕೋಟಿಗಳಲ್ಲಿ’ ಅಂತಿದೆಯಾ? ಪೆನ್ಸಿಲ್‌ನಲ್ಲಿ ಗುರುತು ಹಾಕಿ. ತಪ್ಪಿದರೆ ಲೆಕ್ಕ ನೂರು ಪಟ್ಟು ತಪ್ಪುತ್ತದೆ.

ಒಂದೇ ಜೈಲಿನ ಖರ್ಚು ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದೇ ವಿಷಯ, 150 ಪದದ ಮಿತಿ. ‘ಕೆಲಸ ಯಾಕೆ ಮುಗಿದಿಲ್ಲ?’ ಅಂತ ಸುಮ್ನೆ ಬರೆಯಬೇಡಿ. ‘ಮುಡಿಪು ಜೈಲು ಕಾಮಗಾರಿಗೆ 2023-24ರಲ್ಲಿ ಬಿಡುಗಡೆಯಾದ ಮತ್ತು ಖರ್ಚಾದ ಹಣದ ದಾಖಲೆಯ ಪ್ರತಿ ಕೊಡಿ’ ಅಂತ ಬರೆಯಿರಿ. ಉತ್ತರಕ್ಕೆ 30 ದಿನದ ಗಡುವಿದೆ. ಸ್ವೀಕೃತಿ ಪಡೆಯದೆ ಕಚೇರಿಯಿಂದ ಹೊರಡಬೇಡಿ.